ದಣಿವು ಮರೆಸುವ ಕವಳ, ನಿದ್ದೆ ಓಡಿಸುವ ಚಹಾ: ಮಲೆನಾಡಿನ ದುಡಿಮೆ ದೇಹದಿಂದ ವಸೂಲು ಮಾಡುವುದೇನು?

ನಮ್ಮ ತೋಟಕ್ಕೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೊನೆ (ಅಡಿಕೆಯ ಗೊನೆ) ತೆಗೆಯಲು ಬರುತ್ತಿದ್ದ ಕೊನೆಗಾರರೊಬ್ಬರು ಊಟಕ್ಕೆ ಕುಳಿತಾಗ ಅನ್ನವನ್ನು ಬೆರಳ ತುದಿಯಲ್ಲಿ ಚಪ್ಪಟೆ ಮಾಡಿ ಹಲ್ಲುಸಾಲಿನ ನಡುವೆ ತೂರಿಸುತ್ತಿದ್ದರು. ಮೊದಲು ನೋಡಿದಾಗ ಹಲ್ಲುನೋವಿರಬೇಕು ಎಂದುಕೊಂಡೆ. ಮರುವರ್ಷ, ಸಾರಿನ ಖಾರ ತಾಗಿದೊಡನೆ ಅವರ ಕಣ್ಣಲ್ಲಿ ನೀರು ತುಂಬಿತು. ಊಟದ ಉದ್ದಕ್ಕೂ ಮಜ್ಜಿಗೆಯನ್ನೇ ಕೇಳಿದರು. ಅದರ ಮುಂದಿನ ವರ್ಷ ಒತ್ತಾಯ ಮಾಡಿ ತೀರ್ಥಹಳ್ಳಿಯಲ್ಲಿ ದಂತವೈದ್ಯರಿಗೆ ತೋರಿಸಿದೆವು. ವೈದ್ಯರು ಹೆಚ್ಚೇನೂ ಕೇಳಲಿಲ್ಲ. ನಡುವಿನ ಮೂರು ಬೆರಳುಗಳನ್ನು ಜೋಡಿಸಿ, ನೆಟ್ಟಗೆ ನಿಲ್ಲಿಸಿ ಬಾಯೊಳಗೆ ಇಟ್ಟುಕೊಳ್ಳಿ ಎಂದರು. ಒಂದೂವರೆ ಬೆರಳಿಗಿಂತ ಹೆಚ್ಚು ಹಿಡಿಯಲಿಲ್ಲ.

ಹಿಂತಿರುಗುವ ದಾರಿಯಲ್ಲಿ, ಕವಳ, ಅಂದರೆ ಎಲೆಯಡಿಕೆ, ಬಿಡಬೇಕು ಎಂದು ನಾನು ಹೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಈಗಲೂ ನನ್ನನ್ನು ಕಾಡುತ್ತದೆ. "ಬಿಡಬಹುದು ಅಮ್ಮ. ಆದರೆ ಅದು ಬಾಯಲ್ಲಿದ್ದರೆ ಮರ ತೂಗುವುದು ಗೊತ್ತಾಗುವುದಿಲ್ಲ."

ನಲವತ್ತು, ಐವತ್ತು ಅಡಿ ಎತ್ತರದಲ್ಲಿ, ಗಾಳಿಗೆ ಓಲಾಡುವ ಮರದ ತಲೆಯಲ್ಲಿ ಕುಳಿತು, ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟುವ ಮನುಷ್ಯ ಹೇಳಿದ ಮಾತು ಅದು. ನಾವು ಅದನ್ನು ಚಟ ಎಂದು ಕರೆಯುತ್ತೇವೆ. ಅವರ ಲೆಕ್ಕದಲ್ಲಿ ಅದು ಕತ್ತಿ, ಹಗ್ಗಗಳ ಹಾಗೆ ಕೆಲಸದ ಸಲಕರಣೆ. ಎಲೆಯಡಿಕೆ, ತಂಬಾಕು, ಮೇಲಿಂದ ಮೇಲೆ ಚಹಾ, ನೋವಿನ ಮಾತ್ರೆ, ಸಂಜೆಯ ಕುಡಿತ ಇವೆಲ್ಲವನ್ನೂ ಮಲೆನಾಡಿನ ದುಡಿಯುವ ಜನ ಹಿಡಿದುಕೊಂಡಿರುವುದು ಬಹುಪಾಲು ದಣಿವು, ಹಸಿವು, ಭಯ, ನಿದ್ದೆ ಈ ನಾಲ್ಕನ್ನು ಮುಂದೂಡುವುದಕ್ಕಾಗಿ. ಓದುವ ಮಕ್ಕಳ ಕಥೆಯೂ ಅದೇ. ಈ ನಾಲ್ಕನ್ನು ಇದ್ದ ಹಾಗೆಯೇ ಬಿಟ್ಟು ಅಭ್ಯಾಸವನ್ನು ಮಾತ್ರ ಕಿತ್ತುಹಾಕಲು ಹೊರಟರೆ ಆರೋಗ್ಯ ಶಿಕ್ಷಣ ಬಸ್ ನಿಲ್ದಾಣದ ಗೋಡೆಬರಹದಿಂದ ಮುಂದಕ್ಕೆ ಹೋಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕವಳ ಮಾಡುವ ಕೆಲಸ

ಅಡಿಕೆಯಲ್ಲಿ ಅರೆಕೋಲಿನ್ ಎಂಬ ಕ್ಷಾರಾಭ ಇದೆ. ನರಗಳು ಒಂದರೊಡನೊಂದು ಮಾತನಾಡಲು ದೇಹವೇ ತಯಾರಿಸಿಕೊಳ್ಳುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದಂತೆಯೇ ಅದು ವರ್ತಿಸುತ್ತದೆ. ಮೈ ಸ್ವಲ್ಪ ಬೆಚ್ಚಗಾಗುತ್ತದೆ, ಎಚ್ಚರ ಹೆಚ್ಚಿದಂತಾಗುತ್ತದೆ, ಹಸಿವು ಹಿಂದೆ ಸರಿಯುತ್ತದೆ. ಎಲೆಗೆ ಹಚ್ಚುವ ಸುಣ್ಣ ಅದು ಬಾಯಿಯ ಒಳಪೊರೆಯ ಮೂಲಕ ಬೇಗ ರಕ್ತ ಸೇರುವಂತೆ ಮಾಡುತ್ತದೆ. ತಂಬಾಕಿನ ಎಸಳೂ ಸೇರಿದರೆ ನಿಕೋಟಿನ್‌ನ ಹಿಡಿತ ಬೇರೆ. ಮುಂಜಾನೆಯ ಚಳಿಯಲ್ಲಿ, ಬರೀ ಚಹಾ ಕುಡಿದು, ಒದ್ದೆ ತೋಟಕ್ಕೆ ಇಳಿಯುವವನಿಗೆ ಇದಕ್ಕಿಂತ ಅಗ್ಗದ, ಕೈಗೆ ಸಿಗುವ ಮದ್ದು ಇನ್ನೊಂದಿಲ್ಲ. ನಮ್ಮ ಕಡೆ ಕೆಲಸಕ್ಕೆ ಬಂದವರಿಗೆ ಜಗುಲಿಯಲ್ಲಿ ಮೊದಲು ಕೊಡುತ್ತಿದ್ದದ್ದೇ ಎಲೆಯಡಿಕೆಯ ತಟ್ಟೆ. ಅದರಲ್ಲಿ ಮರ್ಯಾದೆಯಿತ್ತು, ಪ್ರೀತಿಯೂ ಇತ್ತು. ದಿನದ ದುಡಿಮೆಗೆ ಇಂಧನ ಹಾಕುವ ಉದ್ದೇಶವೂ ಇತ್ತು ಎಂಬುದನ್ನು ತೋಟದ ಮನೆಯಲ್ಲಿ ಬೆಳೆದ ನಾನು ಒಪ್ಪಿಕೊಳ್ಳಲೇಬೇಕು.

ಬಾಯಿಯ ಒಳಪೊರೆ ನಾರುಗಟ್ಟಿ ಬಿಗಿಯುವ ಕಾಯಿಲೆಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಇದರ ಮುಖ್ಯ ಕಾರಣ ಅಡಿಕೆಯೇ. ತಂಬಾಕು ಇಲ್ಲದಿದ್ದರೂ ಬರುತ್ತದೆ. ಮೊದಲು ಖಾರ ತಡೆಯುವುದಿಲ್ಲ, ಬಿಸಿ ತಡೆಯುವುದಿಲ್ಲ. ಕೆನ್ನೆಯ ಒಳಭಾಗ ಬಿಳಿಚಿಕೊಳ್ಳುತ್ತದೆ. ನಿಧಾನವಾಗಿ ಒಳಗೆ ಹಗ್ಗದಂಥ ಪಟ್ಟಿಗಳು ಏಳುತ್ತವೆ, ಬಾಯಿ ತೆರೆಯುವ ಅಳತೆ ಕುಗ್ಗುತ್ತದೆ. ಅಡಿಕೆ ಬಿಟ್ಟರೆ ಅದು ಮುಂದುವರಿಯುವುದು ನಿಲ್ಲಬಹುದು, ಆದರೆ ಬಿಗಿದದ್ದು ತಾನಾಗಿ ಸಡಿಲವಾಗುವುದಿಲ್ಲ. ಇಂಥವರಲ್ಲಿ ಕೆಲವರಿಗೆ ಮುಂದೆ ಬಾಯಿಯ ಕ್ಯಾನ್ಸರ್ ಬರುತ್ತದೆ. ಅಡಿಕೆಯಲ್ಲಿರುವ ತಾಮ್ರದ ಅಂಶವೂ ಈ ನಾರುಗಟ್ಟುವಿಕೆಗೆ ನೆರವಾಗುತ್ತದೆ ಎಂದು ಸಂಶೋಧಕರು ವಾದಿಸಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರಿದ ಕವಳವನ್ನು 1985ರಲ್ಲಿಯೇ ಕ್ಯಾನ್ಸರ್‌ಕಾರಕ ಎಂದು ಗುರುತಿಸಿತ್ತು. 2004ರಲ್ಲಿ ಹೊರಬಂದ ಸಂಪುಟದಲ್ಲಿ ತಂಬಾಕಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅದೇ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಕಾಣಿಸಿಕೊಂಡ ಸುಮಾರು 3,89,800 ಬಾಯಿಯ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ. ಅವುಗಳಲ್ಲಿ 83,400 ಭಾರತದವು.

ಅಡಿಕೆ ಬೆಳೆಗಾರರ ಸಂಘಟನೆಗಳು ಈ ವರ್ಗೀಕರಣವನ್ನು ಒಪ್ಪಿಲ್ಲ. ನಮ್ಮ ಅಜ್ಜ ತೊಂಬತ್ತು ವರ್ಷ ಬದುಕಿದರು, ದಿನವೂ ಕವಳ ಹಾಕುತ್ತಿದ್ದರು ಎಂಬ ಮಾತು ನಮ್ಮ ಮನೆಗಳಲ್ಲಿ ಇದ್ದೇ ಇದೆ. ಶಿವಮೊಗ್ಗ ಜಿಲ್ಲೆಯಲ್ಲಿ ಅಡಿಕೆಯ ದರ ಬಿದ್ದರೆ ಬಟ್ಟೆ ಅಂಗಡಿಯಿಂದ ಹಿಡಿದು ಮಕ್ಕಳ ಕಾಲೇಜು ಶುಲ್ಕದ ತನಕ ಎಲ್ಲವೂ ಅಲ್ಲಾಡುತ್ತದೆ. ಹಾಗಾಗಿ ಈ ವಿಷಯ ಎತ್ತಿದವರನ್ನು ಊರ ವೈರಿಯ ಹಾಗೆ ನೋಡುವುದು ನನಗೆ ಅರ್ಥವಾಗುತ್ತದೆ. ಆದರೂ ಎರಡು ಮಾತು ಬಿಡಿಸಿ ಹೇಳಬೇಕು. ಮೊದಲ ಗುಂಪು ಎಂದರೆ ಪುರಾವೆ ಗಟ್ಟಿಯಾಗಿದೆ ಎಂದು ಅರ್ಥ. ಆ ಗುಂಪಿನ ಎಲ್ಲ ವಸ್ತುಗಳೂ ಒಂದೇ ಪ್ರಮಾಣದಲ್ಲಿ ಅಪಾಯಕಾರಿ ಎಂದಲ್ಲ. ಇನ್ನೊಂದು, ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ವರ್ಷ ಬಾಯಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದರ ಮೇಲೆ ಅಪಾಯ ಏರುತ್ತಾ ಹೋಗುತ್ತದೆ. ಅಜ್ಜನ ಕವಳ ಊಟದ ನಂತರದ್ದು. ಕೊನೆಗಾರರದು ಬೆಳಗಿನ ಆರಕ್ಕೆ ಆರಂಭವಾಗಿ ಸಂಜೆಯವರೆಗೆ ಬಾಯಿಂದ ಇಳಿಯದ್ದು. ವಸ್ತು ಒಂದೇ ಆದರೂ ದುಡಿಮೆ ಅದರ ಪ್ರಮಾಣವನ್ನು ಹತ್ತು ಪಟ್ಟು ಮಾಡಿತು. ಬೆಳೆಗಾರರಾದ ನಾವು ಅಡಿಕೆಯ ಮಾನ ಕಾಪಾಡುವ ವಾದದಲ್ಲಿ ಈ ವ್ಯತ್ಯಾಸವನ್ನು ಮರೆಯುತ್ತಿದ್ದೇವೆ. ಮೊದಲು ಬಿಗಿಯುವುದು ನಮ್ಮ ತೋಟದಲ್ಲಿ ದುಡಿಯುವವರ ಬಾಯಿ.

ಕವಳದ ಜಾಗಕ್ಕೆ ಈಗ ಬಂದಿರುವುದು ಇನ್ನೂ ಕೆಟ್ಟದ್ದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಂದಿನಿಂದ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಕೊಂಡವನು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಎಲೆ ತೊಳೆಯುವುದು, ಸುಣ್ಣ ಹಚ್ಚುವುದು, ಅಡಿಕೆ ಕತ್ತರಿಸುವುದು ಎಂಬ ಹಳೆಯ ನಿಧಾನಕ್ಕೆ ಒಂದು ಕಡಿವಾಣದ ಗುಣವಿತ್ತು. ಪ್ಯಾಕೆಟ್ ಹರಿಯಲು ಎರಡು ಸೆಕೆಂಡ್ ಸಾಕು.

ಮರದ ಮೇಲೆ, ಬೆಟ್ಟದ ಕೆಳಗೆ

ಕೊನೆ ತೆಗೆಯುವುದು ಒಣ ಹವೆಯ ಕೆಲಸವಾದರೂ ಆಯಿತು. ಕೊಳೆ ರೋಗಕ್ಕೆ ಔಷಧಿ ಹೊಡೆಯುವುದು ಮಳೆಗಾಲದ ಕೆಲಸ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಸುಮಾರು 1910ರ ಹೊತ್ತಿಗೆ ಈ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಇಲ್ಲಿಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಂದು ಸಲ, ನಲವತ್ತರಿಂದ ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆ ಎರಡನೆಯ ಸಿಂಪಡಣೆಯ ಹೊತ್ತಿಗೆ ಪಾಚಿ ಕಟ್ಟಿದ ಮರ ಸೋಪು ಹಚ್ಚಿದಂತೆ ಜಾರುತ್ತಿರುತ್ತದೆ. ಬಿಸಿಲು ಬಿದ್ದ ಅರ್ಧ ದಿನದಲ್ಲಿ ಎಷ್ಟು ಮರ ಮುಗಿಯುತ್ತದೋ ಅಷ್ಟೂ ಮುಗಿಸಬೇಕು ಎಂಬ ಅವಸರ ತೋಟದವರಿಗೂ ಇರುತ್ತದೆ, ಹತ್ತುವವರಿಗೂ ಇರುತ್ತದೆ. ಬಿದ್ದು ಸೊಂಟ ಮುರಿದುಕೊಂಡವರ ಮನೆ ಇಲ್ಲದ ಊರು ನಮ್ಮ ಸುತ್ತಮುತ್ತ ನಾನು ಕಂಡಿಲ್ಲ.

ಬೀಳುವುದು ಎಲ್ಲರಿಗೂ ಕಾಣುತ್ತದೆ. ಉಸಿರಿನೊಂದಿಗೆ ಒಳಗೆ ಹೋಗುವುದು ಕಾಣುವುದಿಲ್ಲ. ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ಬೋರ್ಡೋ ದ್ರಾವಣ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡು ಗಂಟುಗಳಾಗಿದ್ದನ್ನು ಅಲ್ಲಿಯ ವೈದ್ಯರು 1969ರಲ್ಲಿ ವರದಿ ಮಾಡಿದರು. ಅದಕ್ಕೆ ದ್ರಾಕ್ಷಿ ಸಿಂಪಡಣೆಗಾರರ ಶ್ವಾಸಕೋಶ ಎಂದೇ ವೈದ್ಯಶಾಸ್ತ್ರದಲ್ಲಿ ಹೆಸರಾಯಿತು. ಮರದ ತಲೆಯಲ್ಲಿ ಕುಳಿತು ಗೊನೆಗೆ ಹೊಡೆದ ಮಂಜು ಗಾಳಿ ತಿರುಗಿದರೆ ಹೊಡೆದವರ ಮುಖಕ್ಕೇ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ತಲೆಗೆ ಹಾಳೆಟೊಪ್ಪಿ, ಮೂಗಿಗೆ ಒಂದು ಟವೆಲ್ ಕಟ್ಟಿಕೊಳ್ಳುತ್ತಾರೆ, ಅಷ್ಟೆ. ನೀಲಿ ಬಣ್ಣ ಅಂಟಿದ ಕೈಯಲ್ಲಿಯೇ ಕವಳ ಬಾಯಿಗೆ ಹೋಗುತ್ತದೆ. ಔಷಧಿ ಹೊಡೆಯುವ ಪಂಪಿಗೆ ಸಾವಿರಾರು ರೂಪಾಯಿ ಕೊಡುವ ನಾವು ಕಣ್ಣಿಗೆ ಒಂದು ಕನ್ನಡಕ, ಮೂಗಿಗೆ ಒಂದು ಒಳ್ಳೆಯ ಮಾಸ್ಕ್, ಕೈ ತೊಳೆಯಲು ಸೋಪು ಇವನ್ನು ಕೆಲಸಗಾರರ ಜವಾಬ್ದಾರಿ ಎಂದುಕೊಂಡಿದ್ದೇವೆ.

ಕೆಳಗೆ ನಿಂತೇ ಕೊಯ್ಯಬಹುದಾದ, ಸಿಂಪಡಿಸಬಹುದಾದ ಕಾರ್ಬನ್ ಫೈಬರ್ ದೋಟಿ ಬಂದಿರುವುದು ನಿಜವಾದ ಬದಲಾವಣೆ. ಹೊಸ ಹುಡುಗರು ಮರ ಹತ್ತಲು ಒಪ್ಪದಿರುವುದರಿಂದ ಅದು ಬೇಗ ಹರಡಿತು. ದಿನವಿಡೀ ತಲೆ ಮೇಲೆತ್ತಿ ಉದ್ದನೆಯ ದೋಟಿ ಹಿಡಿಯುವವರ ಕುತ್ತಿಗೆ, ಹೆಗಲುಗಳ ನೋವು ಹೊಸದು. ಆದರೆ ಸೊಂಟ ಮುರಿಯುವುದಕ್ಕೂ ಹೆಗಲು ನೋಯುವುದಕ್ಕೂ ಹೋಲಿಕೆಯಿಲ್ಲ. ಗಂಟೆಗೊಮ್ಮೆ ದೋಟಿ ಇಳಿಸಿ ಕೈ ಬದಲಿಸಿಕೊಂಡರೆ ಆ ನೋವಿಗೂ ಅರ್ಧ ಪರಿಹಾರ ಸಿಗುತ್ತದೆ.

ಬೆಟ್ಟದ ಕಡೆಯ ಅಪಾಯ ಬೇರೆ ಬಗೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದ ನಂತರ ಗುರುತಿಸಲಾದ ವೈರಸ್ ಇಂದಿಗೂ ನಮ್ಮೊಂದಿಗಿದೆ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಮರಿ ಉಣುಗುಗಳು ತರಗೆಲೆಗಳ ನಡುವೆ ತುಂಬಿರುವ ತಿಂಗಳುಗಳವು. ಸರಿಯಾಗಿ ಅದೇ ತಿಂಗಳುಗಳಲ್ಲಿ ನಮ್ಮ ಹೆಂಗಸರು ಸೊಪ್ಪಿನ ಬೆಟ್ಟಕ್ಕೆ ದರಗು (ಒಣಗಿ ಬಿದ್ದ ಎಲೆ) ಗುಡಿಸಲು ಹೋಗುತ್ತಾರೆ. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ, ತೋಟಕ್ಕೆ ಹೊದಿಸಲು ಅದು ಬೇಕೇ ಬೇಕು. ಬಾಗಿ ಗುಡಿಸಿ, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ತರುವಾಗ ಉಣುಗು ಕುತ್ತಿಗೆಗೂ ಕಂಕುಳಿಗೂ ಇಳಿಯುತ್ತದೆ. ಬೇಸಾಯದ ಪಂಚಾಂಗವೂ ರೋಗದ ಪಂಚಾಂಗವೂ ಒಂದರ ಮೇಲೊಂದು ಕೂತಿವೆ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಜ್ವರ, ತಡೆಯಲಾಗದ ತಲೆನೋವು, ಮೈಕೈ ನೋವು. ಕಾಯಿಲೆ ಬಿದ್ದ ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಮಾಡಿದ ಅನಾಹುತ ಇಲ್ಲಿ ಯಾರಿಗೂ ಮರೆತಿಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಎಂದು 2022ರಲ್ಲಿ ನಿಂತಿತು. ಅಂದಿನಿಂದ ಕೈಯಲ್ಲಿರುವುದು ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ, ಮೈತುಂಬ ಬಟ್ಟೆ, ಬೆಟ್ಟದಿಂದ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದುವುದು. ಇವು ಸುಲಭ ಎನ್ನಿಸುತ್ತವೆ. ಆದರೆ ಬೆಟ್ಟದಿಂದ ಬಂದ ಹೆಂಗಸು ಮೊದಲು ದನಕ್ಕೆ ನೀರಿಡಬೇಕು, ಒಲೆ ಹಚ್ಚಬೇಕು, ಮಕ್ಕಳಿಗೆ ಉಣಿಸಬೇಕು. ಸ್ನಾನದ ಸರದಿ ರಾತ್ರಿ ಎಂಟಕ್ಕೆ. ಅಷ್ಟು ಹೊತ್ತು ಉಣುಗು ಮೈಮೇಲೆಯೇ ಇರುತ್ತದೆ. ತೈಲ ಹಚ್ಚಿಕೊಳ್ಳಿ ಎಂದು ಹೇಳುವ ಆಶಾ ಕಾರ್ಯಕರ್ತೆಯರ ಜೊತೆಗೆ, ಬೆಟ್ಟದಿಂದ ಬಂದವಳಿಗೆ ಹಂಡೆಯ ನೀರು ಕಾಯಿಸಿಡಬೇಕಾದದ್ದು ಮನೆಯ ಗಂಡಸರು ಎಂದು ಹೇಳುವವರೂ ಬೇಕು.

ಮಳೆಗಾಲದ ಇಲಿಜ್ವರದ ವಿಷಯದಲ್ಲಿಯೂ ಹೀಗೆಯೇ. ಗದ್ದೆಯ ಕೆಸರಿನಲ್ಲಿ, ತೋಟದ ಕಪ್ಪಿನಲ್ಲಿ (ಬಸಿಗಾಲುವೆಯಲ್ಲಿ) ನಿಂತ ನೀರಿಗೆ ಇಲಿಯ ಮೂತ್ರ ಸೇರುತ್ತದೆ, ಕಾಲಿನ ಬಿರುಕಿನ ಮೂಲಕ ರೋಗಾಣು ಒಳಗಿಳಿಯುತ್ತದೆ. ಬೇಗ ಗೊತ್ತಾದರೆ ಸಾಮಾನ್ಯ ಪ್ರತಿಜೀವಕದಿಂದಲೇ ಗುಣವಾಗುತ್ತದೆ. ಜ್ವರ ಬಂದಾಗ ನಾನು ಗದ್ದೆಯಲ್ಲಿ ಇದ್ದೆ, ಬೆಟ್ಟಕ್ಕೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು.

ಕಾಣದ ಪಾಳಿಗಳು

ಸುಗ್ಗಿಯಲ್ಲಿ ಅಡಿಕೆ ಸುಲಿಯುವುದು ಸಂಜೆಯಿಂದ ನಡುರಾತ್ರಿಯ ತನಕ ಹೆಂಗಸರು ಮಾಡುವ ಕೆಲಸ. ಮೆಟ್ಟುಗತ್ತಿಯ ಮುಂದೆ ನೆಲಕ್ಕೆ ಕುಳಿತರೆ ಸೊಂಟ, ಮಂಡಿ, ಹೆಬ್ಬೆರಳುಗಳಿಗೆ ಬಿಡುವಿಲ್ಲ. ಸುಲಿದಷ್ಟಕ್ಕೆ ಕೂಲಿ ಆದ್ದರಿಂದ ಎದ್ದು ಓಡಾಡಿದರೆ ನಷ್ಟ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ, ಹಾಗಾಗಿ ನೀರು ಕುಡಿಯುವುದಿಲ್ಲ. ನೋವಿಗೆ ಅಂಗಡಿಯಿಂದ ತಂದ ಮಾತ್ರೆ ನುಂಗುತ್ತಾರೆ. ಕಡಿಮೆ ನೀರು, ಹೆಚ್ಚು ನೋವಿನ ಮಾತ್ರೆ ಎರಡೂ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮೂತ್ರನಾಳದ ಸೋಂಕು ಮೊದಲೇ ಬರುತ್ತದೆ. ಹಗಲು ದರಗು, ರಾತ್ರಿ ಸುಲಿಯುವುದು, ಬೆಳಗಿನ ಐದಕ್ಕೆ ಹಾಲು ಕರೆಯುವುದು. ಇದನ್ನು ಯಾರೂ ಪಾಳಿ ಎಂದು ಕರೆಯುವುದಿಲ್ಲ. ಕರೆದಿದ್ದರೆ ಗಂಟೆಗಳ ಲೆಕ್ಕವಾದರೂ ಸಿಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೊರಗಿಟ್ಟ ಲೆಕ್ಕದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯಕ್ಕೆ ರಕ್ತ ಕಡಿಮೆಯಾಗಿ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಆ ಲೆಕ್ಕ ಸಂಬಳದ ದುಡಿಮೆಯದು. ಮನೆಗೆಲಸವನ್ನೂ ಕೂಡಿದರೆ ಸುಗ್ಗಿಯ ಹೆಂಗಸಿನ ವಾರ ಎಂಬತ್ತು ಗಂಟೆಗೆ ಸುಲಭವಾಗಿ ಮುಟ್ಟುತ್ತದೆ.

ಘಟ್ಟದ ದಾರಿಯ ಚಾಲಕರ ವಿಷಯದಲ್ಲಿ ದಣಿವಿನ ಅಪಾಯವನ್ನು ಇನ್ನೂ ನೇರವಾಗಿ ಅಳೆಯಬಹುದು. ಸತತ 17 ಗಂಟೆ ಎಚ್ಚರವಿದ್ದವನ ಕೈಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರ ಪ್ರಯೋಗವೊಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ಚಾಲನೆಗೆ ಕಾನೂನಿನ ಮಿತಿ ಶೇ. 0.03. ಎಂದರೆ, ಬೆಳಗಿನ ನಾಲ್ಕಕ್ಕೆ ಎದ್ದು ರಾತ್ರಿ ಒಂಬತ್ತಕ್ಕೆ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಇಳಿಸುವ ಚಾಲಕ ಒಂದು ಹನಿ ಕುಡಿಯದಿದ್ದರೂ ಕುಡಿದವನಷ್ಟೇ ಮಂದವಾಗಿರಬಹುದು. ಅವನ ಉಸಿರಿಗೆ ಯಂತ್ರ ಹಿಡಿದರೆ ಏನೂ ಸಿಗುವುದಿಲ್ಲ. ಐದು ಗಂಟೆ ಸತತ ದುಡಿದವನಿಗೆ ಅರ್ಧ ಗಂಟೆ ಬಿಡುವು ಕೊಡಬೇಕು, ದಿನಕ್ಕೆ ಎಂಟು ಗಂಟೆ ದಾಟಬಾರದು ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲಿಯೇ ಹೇಳಿತ್ತು. ಮಂಜು ಕವಿದ ತಿರುವಿನಲ್ಲಿ ಎಚ್ಚರ ಕೊಡುತ್ತಿರುವುದು ಆ ಬಿಡುವಲ್ಲ, ಕೆನ್ನೆಯೊಳಗಿನ ತಂಬಾಕು. ಅದು ನಿದ್ದೆಯ ಅರಿವನ್ನು ತಡೆಯುತ್ತದೆ, ನಿದ್ದೆಯ ಸಾಲವನ್ನು ತೀರಿಸುವುದಿಲ್ಲ.

ಇನ್ನು ಮಕ್ಕಳು. ಹೊಸನಗರ, ತೀರ್ಥಹಳ್ಳಿ ಕಡೆಯ ಒಳ ಊರುಗಳಿಂದ ಶಿವಮೊಗ್ಗದ ಕಾಲೇಜುಗಳಿಗೆ ದಿನವೂ ಬಂದು ಹೋಗುವ ಪಿಯುಸಿ ಹುಡುಗ ಹುಡುಗಿಯರ ದಿನಚರಿಯನ್ನು ಬೆಳಗಿನ ಬಸ್ಸಿನಲ್ಲಿ ಕುಳಿತು ನೋಡಬೇಕು. ಐದಕ್ಕೆ ಎದ್ದು, ಮುಖ್ಯ ರಸ್ತೆಯ ತನಕ ನಡೆದು, ತಿಂಡಿ ತಿನ್ನದೆ ಬಸ್ ಹತ್ತುತ್ತಾರೆ. ಕಿಟಕಿಗೆ ತಲೆ ತಾಗಿಸಿದ ಎರಡು ನಿಮಿಷಕ್ಕೆ ನಿದ್ದೆ. ಸಂಜೆ ಕೋಚಿಂಗ್ ಮುಗಿಸಿ ಮನೆ ಸೇರುವಾಗ ಕತ್ತಲು. ಆಮೇಲೆ ಓದು, ಓದಿನ ನಡುವೆ ಮೊಬೈಲ್. ಆ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎಂದು ನಿದ್ರಾ ತಜ್ಞರು ಹೇಳುತ್ತಾರೆ. ಇವರಿಗೆ ಸಿಗುವುದು ಐದೂವರೆ, ಆರು. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ನಿದ್ದೆ ಕದ್ದು ಓದಿದ ಮಗುವಿನ ನೆನಪು ಸೋರಿಹೋಗುತ್ತಿದ್ದರೆ ನಾವು ಏಕಾಗ್ರತೆ ಸಾಲದು ಎಂದು ಬೈಯುತ್ತೇವೆ. ಹೆಣ್ಣುಮಕ್ಕಳು ಕಾಲೇಜಿನ ಶೌಚಾಲಯಕ್ಕೆ ಹೆದರಿ ಮಧ್ಯಾಹ್ನದ ತನಕ ನೀರು ಮುಟ್ಟುವುದಿಲ್ಲ. ಅಡಿಕೆ ಸುಲಿಯುವ ತಾಯಿ ನೀರು ಕುಡಿಯದಿರುವುದಕ್ಕೂ ಪಟ್ಟಣದಲ್ಲಿ ಓದುವ ಮಗಳು ನೀರು ಕುಡಿಯದಿರುವುದಕ್ಕೂ ಕಾರಣ ಒಂದೇ ಜಾತಿಯದು ಎಂಬುದು ನನಗೆ ಬಹಳ ನೋವಿನ ಸಂಗತಿ.

ನನ್ನ ತಮ್ಮನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಕಳೆದ ವರ್ಷ ಮೊದಲ ಸಲ ರಾತ್ರಿ ಪಾಳಿ ಮುಗಿಸಿ ನಮ್ಮ ಮನೆಗೆ ಬಂದವಳು ತಟ್ಟೆಯ ಮುಂದೆ ಕುಳಿತೇ ನಿದ್ದೆ ಹೋದಳು. ಎಬ್ಬಿಸಿದಾಗ, "ಅತ್ತೆ, ಹತ್ತು ಗಂಟೆಗೆ ತರಗತಿ ಇದೆ, ಸ್ವಲ್ಪ ಗಟ್ಟಿ ಚಹಾ ಕೊಡಿ" ಎಂದಳು. ರಾತ್ರಿಯಲ್ಲಿ ಎಷ್ಟು ಸಲ ಕುಡಿದೆ ಎಂದು ಕೇಳಿದೆ. ಲೆಕ್ಕ ಇಟ್ಟಿರಲಿಲ್ಲ. ಚಹಾದಲ್ಲಿರುವ ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಕುಡಿದದ್ದು ಒಂಬತ್ತಕ್ಕೂ ಅರ್ಧ ಉಳಿದಿರುತ್ತದೆ, ಬಂದ ನಿದ್ದೆಯೂ ತೆಳುವಾಗುತ್ತದೆ. ಅವಳಿಗೆ ನಾನು ಹೇಳಿದ್ದು ಇಷ್ಟೇ: ಪಾಳಿಯ ಮೊದಲರ್ಧದಲ್ಲಿ ಮಾತ್ರ ಚಹಾ, ಎರಡು ಗಂಟೆಯ ನಂತರ ಬೇಡ; ಪಾಳಿಗೆ ಹೋಗುವ ಮುನ್ನ ಸಂಜೆ ಒಂದು ಗಂಟೆ ಮಲಗು; ಮನೆಗೆ ಬಂದೊಡನೆ ಕೋಣೆ ಕತ್ತಲು ಮಾಡು. ಇವು ಉಪಯೋಗಕ್ಕೆ ಬರುತ್ತವೆ. ಆದರೆ ರಾತ್ರಿ ದುಡಿದವಳಿಗೆ ಹತ್ತು ಗಂಟೆಗೆ ತರಗತಿ ಇಟ್ಟವರು ಅದನ್ನು ಬದಲಿಸದೆ ಯಾವ ಉಪಾಯವೂ ಪೂರ್ತಿ ಫಲ ಕೊಡುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿ ಇದನ್ನೇ ಹೇಳಿತು: ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ದಿನ ರಜೆ ಬೇಕು, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಸಿಗಬೇಕು. ಸಮೀಕ್ಷೆಯಲ್ಲಿ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಎಂದಿದ್ದರು. ನರ್ಸಿಂಗ್ ಮಕ್ಕಳಿಗಾಗಿ ಯಾರಾದರೂ ಅಷ್ಟೇ ಕಾಳಜಿಯಿಂದ ಗಂಟೆ ಎಣಿಸಬೇಕು. ಯಾವ ಮಗುವಿಗಾದರೂ ಮನಸ್ಸು ಕುಸಿಯುತ್ತಿದೆ ಎನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ಓದುವ ಹುಡುಗರ ಜೇಬಿನಲ್ಲಿ ಈಗ ಸಿಹಿ ಅಡಿಕೆಯ ಪ್ಯಾಕೆಟ್ಟುಗಳು ಕಾಣುತ್ತವೆ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಶಾಲಾ ಕಾಲೇಜುಗಳ 100 ಮೀಟರ್ ಒಳಗೆ ಮಾರುವಂತಿಲ್ಲ. ತಂಬಾಕಿಲ್ಲದ ಅಡಿಕೆ ಪ್ಯಾಕೆಟ್ ಈ ಕಾನೂನಿನ ಹೊರಗಿದೆ. ಕಾಲೇಜಿನ ಗೇಟಿನೆದುರು ಚಾಕೊಲೇಟಿನ ಪಕ್ಕ ಅದು ನೇತಾಡುತ್ತಿರುತ್ತದೆ. ಬಾಯಿ ಬಿಗಿಯುವ ಕಾಯಿಲೆಗೆ ತಂಬಾಕೇ ಬೇಕಿಲ್ಲ ಎಂದು ಮೇಲೆ ಹೇಳಿದೆ. ಅಡಿಕೆ ಬೆಳೆಯುವ ಜಿಲ್ಲೆಯವರೇ ಈ ಸಿಹಿ ಪ್ಯಾಕೆಟ್ಟಿಗೂ ಅದೇ 100 ಮೀಟರ್ ನಿಯಮ ಬೇಕು ಎಂದು ಮೊದಲು ಕೇಳಬೇಕು ಎಂಬುದು ನನ್ನ ಆಸೆ. ನಮ್ಮ ಬೆಳೆ ಮದುವೆಯ ತಾಂಬೂಲದಲ್ಲಿ ಇರಲಿ, ಹದಿನಾರರ ಹುಡುಗನ ಕೆನ್ನೆಯಲ್ಲಿ ಬೇಡ ಎನ್ನುವ ಧೈರ್ಯ ನಮಗಲ್ಲದೆ ಇನ್ನಾರಿಗೆ ಬರಬೇಕು?

ಸುಗ್ಗಿ ಆರಂಭವಾಗುವ ಹೊತ್ತಿಗೆ ಅಡಿಕೆ ಮಂಡಿಯ ಅಂಗಳದಲ್ಲಿ, ಸಹಕಾರ ಸಂಘದ ಕಟ್ಟೆಯಲ್ಲಿ ಒಂದೊಂದು ದಿನ ಬಾಯಿ ತಪಾಸಣೆ ನಡೆಸಲು ಹೆಚ್ಚು ಖರ್ಚಿಲ್ಲ. ಮೂರು ಬೆರಳಿನ ಪರೀಕ್ಷೆಗೆ ಯಂತ್ರ ಬೇಕಿಲ್ಲ; ಕಡಿಮೆ ಹಿಡಿದವರನ್ನು ದಂತವೈದ್ಯರ ಬಳಿಗೆ ಕಳಿಸಿದರೆ ಆಯಿತು. ಬೆಳಗಿನ ಎಂಟಕ್ಕೆ ಹೊಟ್ಟೆ ತುಂಬ ತಿಂಡಿ, ಹನ್ನೊಂದಕ್ಕೆ ಅರ್ಧ ಗಂಟೆ ಕುಳಿತುಕೊಳ್ಳುವ ಬಿಡುವು, ಕೂಲಿಯಲ್ಲಿ ಅದಕ್ಕೆ ಕಡಿತವಿಲ್ಲ ಎಂಬ ಮಾತು. ಇಷ್ಟು ಕೊಟ್ಟ ತೋಟಗಳಲ್ಲಿ ಕವಳದ ಸಂಚಿ ಬಿಚ್ಚುವುದು ಕಡಿಮೆಯಾಗುವುದನ್ನು ನಾನೇ ನೋಡಿದ್ದೇನೆ. ಹಸಿವಿಲ್ಲದವನಿಗೆ ಹಸಿವು ಮರೆಸುವ ವಸ್ತು ಅಷ್ಟು ಸಲ ಬೇಕಾಗುವುದಿಲ್ಲ.

ಈ ಸಲ ಕೊನೆ ತೆಗೆಯಲು ಅವರ ಮಗ ಬಂದಿದ್ದ. ಬಾಡಿಗೆಗೆ ತಂದ ಫೈಬರ್ ದೋಟಿ, ಜೊತೆಗೆ ಹಗ್ಗ ಹಿಡಿಯಲು ಒಬ್ಬ ಗೆಳೆಯ. ಅಪ್ಪ ಮನೆಯಲ್ಲಿಯೇ ಇದ್ದಾರೆ, ಗಂಜಿ ಕುಡಿಯುತ್ತಾರೆ, ಶಿವಮೊಗ್ಗಕ್ಕೆ ಹೋಗಿ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದಾರೆ ಎಂದ. ನಾನು ಅವಲಕ್ಕಿ, ಮೊಸರು, ಬಾಳೆಹಣ್ಣು ಇಟ್ಟೆ. ಎಲೆಯಡಿಕೆಯ ತಟ್ಟೆ ಇಡಲಿಲ್ಲ. ತಿಂದು ಮುಗಿಸಿದವನು ಅಂಗಳದ ಮೂಲೆಗೆ ಹೋಗಿ ಜೇಬಿನಿಂದ ಎರಡು ಪ್ಯಾಕೆಟ್ ತೆಗೆದ. ನನ್ನನ್ನು ನೋಡಿ ಕೈ ತಡೆದ. ಬೆರಳು ಇಟ್ಟು ನೋಡು ಎಂದೆ. ನಾಚಿಕೊಂಡು ಆಚೀಚೆ ನೋಡಿ, ಮೂರು ಬೆರಳು ಜೋಡಿಸಿ ಬಾಯಿ ತೆರೆದ. ಮೂರೂ ಹಿಡಿಯಿತು.